ನಿಮಗಿದು ಗೊತ್ತೇ? – ಗಬ್ಬದ ದನ, ಬಿರುಬೇಸಿಗೆ

ಮಾರ್ಚ್ ಕಳೆಯಿತೆಂದರೆ ಇಟ್ಟಿಗಿ ಸೀಮೆಯ ಗೋಮಾಳದಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. ಮುಂಗಾರಿನಲ್ಲಿ ಗಬ್ಬ ಕಟ್ಟಿದ ಆಕಳು ಈಯುವುದೂ ಇದೇ ಉರಿಬಿಸಿಲಿನಲ್ಲಿ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ದನ ಕಟ್ಟಿದವರಿಗೆ ಬೇಕಾಗುವ, ಬಲ್ಲವರೂ ಕೆಲಸದ ಗಡಿಬಿಡಿಯಲ್ಲಿ ಮರೆಯುವ ಕೆಲವು ಸಂಗತಿಗಳು ಇಲ್ಲಿವೆ. ಬೇಸಿಗೆಯಲ್ಲಿ ಆದ ಕೊರತೆ ಬೇಸಿಗೆಯಲ್ಲೇ ಕಣ್ಣಿಗೆ ಬೀಳುವುದಿಲ್ಲ; ಕರು ಹುಟ್ಟಿದ ಮೇಲೆ ಬೀಳುತ್ತದೆ.

ದಿನಗಳ ಲೆಕ್ಕ

● ಆಕಳ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಆಗಸ್ಟ್‌ನಲ್ಲಿ ಗಬ್ಬ ಕಟ್ಟಿದ ಆಕಳು ಮೇ ತಿಂಗಳಲ್ಲಿ ಈಯುತ್ತದೆ. ನವೆಂಬರಿನಲ್ಲಿ ಕಟ್ಟಿದ ಎಮ್ಮೆ ಸೆಪ್ಟೆಂಬರಿಗೆ. ಅಂದರೆ ಏಪ್ರಿಲ್‌ನಲ್ಲಿ ಒಂದೇ ಕೊಟ್ಟಿಗೆಯಲ್ಲಿ ಆಕಳು ತುಂಬುಗಬ್ಬ, ಎಮ್ಮೆ ಅರೆಗಬ್ಬ. ಎರಡಕ್ಕೂ ಒಂದೇ ಅಳತೆಯ ಆರೈಕೆ ಹೊಂದುವುದಿಲ್ಲ.

● ಹುಟ್ಟುವ ಕರುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಗರ್ಭ ದೊಡ್ಡದಾಗಿ ಹೊಟ್ಟೆಯ ಜಾಗ ಹಿಡಿಯುವುದರಿಂದ ತಾಯಿ ಒಂದೇ ಸಲಕ್ಕೆ ಹೆಚ್ಚು ತಿನ್ನಲಾರದು. ಮೇವನ್ನು ಮೂರು ನಾಲ್ಕು ಸಲ ಹಂಚಿ ಹಾಕಬೇಕು.

● ಬೆದೆಗೆ ಬರಲಿಲ್ಲ ಎಂದ ಮಾತ್ರಕ್ಕೆ ಗಬ್ಬ ಎಂದು ತಿಳಿಯುವಂತಿಲ್ಲ. ಬೇಸಿಗೆಯಲ್ಲಿ ಎಮ್ಮೆಗೆ ಮೂಕ ಬೆದೆ ಸಾಮಾನ್ಯ. ಕೂಗುವುದಿಲ್ಲ, ಲಕ್ಷಣ ತೋರುವುದಿಲ್ಲ. ಎರಡು ಮೂರು ತಿಂಗಳಿಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿದರೆ, ಇರುವ ಅಷ್ಟಿಷ್ಟು ಮೇವು ಯಾವ ದನಕ್ಕೆ ಮೊದಲು ಎಂಬುದು ತೀರ್ಮಾನವಾಗುತ್ತದೆ.

● ಈಯುವ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಬೇಕು. ಈ 60 ದಿನಗಳಲ್ಲಿ ಕೆಚ್ಚಲು ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತದೆ. ಕೊನೆಯ ಲೀಟರ್ ಹಾಲಿನ ಆಸೆಗೆ ಬಿದ್ದರೆ ಮುಂದಿನ ಕರಾವು ಇಳಿಯುತ್ತದೆ.

ಬಿಸಿಲಿನ ಮಾತು

● ಹೊಟ್ಟೆಯಲ್ಲಿರುವ ಕರುವಿನ ಮೈ ತಾಯಿಯ ಮೈಗಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ. ಆ ಬಿಸಿ ಹೊರಹೋಗಲು ತಾಯಿಯ ರಕ್ತವೇ ದಾರಿ. ತಾಯಿಯೇ ಕಾದರೆ ಕರುವಿಗೆ ಬೇರೆ ದಾರಿಯಿಲ್ಲ.

● ಕೊನೆಯ ಎರಡು ತಿಂಗಳು ಬಿಸಿಲಿಗೆ ಬಸವಳಿದ ತಳಿಹಸುವಿನ ಕರು ಕೆಲವು ದಿನ ಮುಂಚೆ ಹುಟ್ಟಬಹುದು, ತೂಕವೂ ಕಡಿಮೆ. ಗರ್ಭಕ್ಕೆ ಹರಿಯುವ ರಕ್ತ ತಗ್ಗುವುದೇ ಕಾರಣ. ಈಯ್ದ ಮೇಲೆ ಎಷ್ಟು ತಂಪು ಮಾಡಿದರೂ ಆ ಸೂಲಿನ ಹಾಲು ಪೂರ್ತಿ ಏರುವುದಿಲ್ಲ. ಎಚ್‌ಎಫ್, ಜರ್ಸಿ ಮಿಶ್ರತಳಿ ಕಟ್ಟಿದವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

● ಜವಾರಿ ಆಕಳ ಜೋಲುವ ಗಂಗೆದೊಗಲು ಅಂದಕ್ಕಷ್ಟೇ ಅಲ್ಲ. ಸಡಿಲ ಚರ್ಮ, ಹೆಚ್ಚು ಬೆವರು ಗ್ರಂಥಿ, ನುಣುಪಾದ ಗಿಡ್ಡ ಕೂದಲು ಎಲ್ಲವೂ ಸೇರಿ ಮೈಯ ಬಿಸಿಯನ್ನು ಹೊರಹಾಕುತ್ತವೆ. ಹಳ್ಳಿಕಾರ್, ಅಮೃತ ಮಹಲ್, ಖಿಲಾರಿ ತಳಿಗಳು ಒಣನಾಡಿನ ಬಿಸಿಲು ತಡೆಯುವುದು ಹೀಗೆ.

● ಎಮ್ಮೆಯ ಕಥೆ ಪೂರಾ ಉಲ್ಟಾ. ಕಪ್ಪು ಚರ್ಮ ಬಿಸಿಲು ಹೀರುತ್ತದೆ, ಬೆವರು ಗ್ರಂಥಿ ಆಕಳಿಗಿಂತ ಬಹಳ ಕಡಿಮೆ. ಕೆಸರಿನಲ್ಲಿ ಹೊರಳುವುದು ಅದಕ್ಕೆ ಚಟವಲ್ಲ, ಔಷಧ. ಕೆರೆ ಬತ್ತಿದ ಊರಿನಲ್ಲಿ ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು ಸುರಿಯಲೇಬೇಕು.

● ದನಕ್ಕೆ ಬಿಸಿಲು ಬಡಿದಿದೆಯೇ ಎಂದು ತಿಳಿಯಲು ಥರ್ಮಾಮೀಟರ್ ಬೇಡ. ಮಧ್ಯಾಹ್ನ ಮೂರರ ಹೊತ್ತಿಗೆ ಸ್ವಲ್ಪ ದೂರದಲ್ಲಿ ನಿಂತು ಪಕ್ಕೆಯ ಹಿಂದಿನ ಕುಳಿಯನ್ನೇ ನೋಡಿ. ಅದು ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಎಣಿಸಿ. ನೆರಳಿನಲ್ಲಿ ನೆಮ್ಮದಿಯಿಂದಿರುವ ದನದ ಉಸಿರು ನಿಮಿಷಕ್ಕೆ 15ರಿಂದ 30. ಅದು 60 ದಾಟಿದರೆ ಬಿಸಿಲು ಬಡಿದಿದೆ ಎಂದರ್ಥ. ಕತ್ತು ಚಾಚಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತಿದ್ದರೆ ಎಣಿಸುತ್ತ ನಿಲ್ಲಬೇಡಿ. ನೆರಳಿಗೆ ಎಳೆದು ನೀರು ಸುರಿಯಿರಿ, ವೈದ್ಯರಿಗೆ ಫೋನ್ ಮಾಡಿ.

● ದನದ ಹೊಟ್ಟೆಯೊಳಗೂ ಒಂದು ಒಲೆಯಿದೆ. ಒಣಮೇವು ಹುದುಗುವಾಗ ಹುಟ್ಟುವ ಬಿಸಿ ತಿಂದ ಕೆಲವು ಗಂಟೆಗಳ ಮೇಲೆ ಏರುತ್ತದೆ. ಬೆಳಗ್ಗೆ ಹೊಟ್ಟೆ ತುಂಬ ಕಣಿಕೆ ಹಾಕಿದರೆ ಮಧ್ಯಾಹ್ನದ ಬಿಸಿಲೂ ಈ ಬಿಸಿಯೂ ಒಟ್ಟಿಗೆ ಬಡಿಯುತ್ತವೆ. ಒಣಮೇವಿನ ದೊಡ್ಡ ಪಾಲು ಸಂಜೆ, ರಾತ್ರಿಗೆ ಇರಲಿ.

● ತಗಡಿನ ಚಪ್ಪರಕ್ಕಿಂತ ಬೇವು, ಹೊಂಗೆ, ಹುಣಸೆಯ ನೆರಳು ಮೇಲು. ಎಲೆಗಳು ನೀರನ್ನು ಆವಿ ಮಾಡಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತವೆ. ತಗಡು ಕಾದು ಕೆಳಗಿನ ದನದ ಬೆನ್ನಿಗೇ ಬಿಸಿ ಸೂಸುತ್ತದೆ. ಬೇರೆ ದಾರಿ ಇಲ್ಲದವರು ತಗಡಿನ ಮೇಲೆ ತೆಂಗಿನ ಗರಿಯನ್ನೋ ದಂಟನ್ನೋ ದಪ್ಪಕ್ಕೆ ಹೊದಿಸಿ, ಬೆಂಕಿಯ ಬಗ್ಗೆ ಎಚ್ಚರದಿಂದಿರಿ.

● ಮೇಯಲು ಬಿಡುವ ಹೊತ್ತು: ಬೆಳಗ್ಗೆ 6ರಿಂದ 10, ಸಂಜೆ 4ರ ಮೇಲೆ. ಏಳೆಂಟು ತಿಂಗಳು ತುಂಬಿದ ದನವನ್ನು ಮಂದೆಯ ಜೊತೆ ಮೈಲಿಗಟ್ಟಲೆ ನಡೆಸಬಾರದು. ಇರಿತ, ನೂಕಾಟ, ಹಾರುವುದು ಎಲ್ಲವೂ ಮಂದೆಯಲ್ಲೇ ಹೆಚ್ಚು.

ನೀರು

● ಬೇಸಿಗೆಯಲ್ಲಿ ದೊಡ್ಡ ದನಕ್ಕೆ ದಿನಕ್ಕೆ 50–60 ಲೀಟರ್ ನೀರು ಬೇಕು. ಹಾಲು ಕೊಡುವ ದನಕ್ಕೆ ಇನ್ನೂ ಹೆಚ್ಚು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬಕೆಟ್ ತೋರಿಸಿದರೆ ಈ ಲೆಕ್ಕ ಮುಟ್ಟುವುದಿಲ್ಲ. ನೀರು ಇಡೀ ದಿನ ಕೈಗೆಟಕುವಂತೆ, ಅಂದರೆ ಬಾಯಿಗೆಟಕುವಂತೆ, ಇರಬೇಕು.

● ಬಿಸಿಲಿಗಿಟ್ಟ ಸಿಮೆಂಟ್ ತೊಟ್ಟಿಯ ನೀರು ಮಧ್ಯಾಹ್ನಕ್ಕೆ ಕಾದಿರುತ್ತದೆ. ಬಿಸಿನೀರು ಕಂಡರೆ ದನ ಮೂಸಿ ಹಿಂದೆ ಸರಿಯುತ್ತದೆ, ಕುಡಿಯುವುದು ಕಡಿಮೆಯಾಗುತ್ತದೆ. ನೀರು ಕಡಿಮೆಯಾದರೆ ಮೇವೂ ಕಡಿಮೆ. ತೊಟ್ಟಿಗೂ ನೆರಳು ಬೇಕು.

● ಕುತ್ತಿಗೆಯ ಚರ್ಮವನ್ನು ಚಿವುಟಿ ಎತ್ತಿ ಬಿಡಿ. ಥಟ್ಟನೆ ಕೂತರೆ ಸರಿ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ ದೇಹದಲ್ಲಿ ನೀರು ಕಡಿಮೆಯಾಗಿದೆ.

● ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಸರಿದಂತೆ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಹಸಿ ಹುಲ್ಲಿನ ಬಯಲು ತೆರೆದುಕೊಳ್ಳುತ್ತದೆ. ಒಣಸೀಮೆಯಲ್ಲಿ ಇದು ಭಾಗ್ಯವೇ. ಆದರೆ ನೀರಂಚಿನ ಬಸವನಹುಳುಗಳು ಯಕೃತ್ತಿನ ಹುಳುವಿನ ಮರಿಗಳನ್ನು ಹೊತ್ತಿರುತ್ತವೆ. ಹಾಗೆ ಮೇಯ್ದ ದನ ಸೊರಗಿ, ಗದ್ದದ ಕೆಳಗೆ ನೀರು ತುಂಬಿಕೊಂಡು ಊದಿದರೆ ಸಗಣಿ ಪರೀಕ್ಷೆ ಮಾಡಿಸಿ.

ಹಿಂದಿನವರ ಜಾಣ್ಮೆ

● ಮೈಸೂರು ಸಂಸ್ಥಾನದ ಅಮೃತ ಮಹಲ್ ಕಾವಲುಗಳನ್ನು ಋತುವಿನ ಪ್ರಕಾರ ಮೂರು ಬಗೆ ಮಾಡಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು. ನೀರು, ಮರದ ನೆರಳು, ಕೆರೆಯಂಗಳದ ಹುಲ್ಲು ಇರುವ ಜಾಗಗಳು ಬೇಸಿಗೆಗೆಂದೇ ಮೀಸಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಬಂತು. ಈ ತಳಿಯ ಸಂವರ್ಧನಾ ಕೇಂದ್ರ ಈಗಲೂ ಅಜ್ಜಂಪುರದಲ್ಲಿದೆ.

● ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ ಭಾಗದ ಮ್ಯಾಸನಾಯಕರು ‘ದೇವರ ಎತ್ತು’ಗಳ ಮಂದೆ ಸಾಕುತ್ತಾರೆ. ಹೆಸರು ಎತ್ತು ಎಂದಿದ್ದರೂ ಮಂದೆಯಲ್ಲಿ ಆಕಳು, ಕರು, ಹೋರಿ ಎಲ್ಲ ಇರುತ್ತವೆ. ಇವನ್ನು ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನು ಕಿಲಾರಿ. ಬಯಲಲ್ಲೇ ಗಬ್ಬವಾಗಿ ಬಯಲಲ್ಲೇ ಈಯುವ ಇಂಥ ಮಂದೆ ನಮ್ಮ ಕಡೆ ಅಪರೂಪ. ಬರಗಾಲ ಬಂದರೆ ಮೊದಲು ಕಷ್ಟಕ್ಕೆ ಬೀಳುವುದೂ ಇವೇ. ಊರೂರಿನ ಭಕ್ತರು ಮೇವು ಕೂಡಿಸಿ ಕಳಿಸುವುದು ರೂಢಿ.

● 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ಪಕ್ಕದ ತಾಲ್ಲೂಕಿನಿಂದ ಮೇವು ತರುವ ಮಾತೇ ಇಲ್ಲ. ಸುಗ್ಗಿಯಲ್ಲೇ ಒಟ್ಟಿದ ಬಣವೆಯೊಂದೇ ಆಸರೆ.

ಮೇವಿನಲ್ಲಿ ಅಮೃತ, ಮೇವಿನಲ್ಲೇ ವಿಷ

● ಮೊದಲ ಮಳೆ ಬಿದ್ದ ವಾರದಲ್ಲಿ ಹೊಲದ ಕಡೆ ಕಣ್ಣಿರಲಿ. ಕೊಯ್ದ ಜೋಳದ ಬುಡದಿಂದ ಗೇಣುದ್ದದ ಕೂಳೆ ಚಿಗುರು ಹಸಿರಾಗಿ ಎದ್ದಿರುತ್ತದೆ. ತಿಂಗಳುಗಟ್ಟಲೆ ಒಣ ಕಣಿಕೆ ಅಗಿದ ದನ ಹಗ್ಗ ಕಿತ್ತುಕೊಂಡು ಅಲ್ಲಿಗೇ ನುಗ್ಗುತ್ತದೆ. ಎಳೆ ಜೋಳದಲ್ಲಿರುವ ಒಂದು ಅಂಶ ಹೊಟ್ಟೆಯಲ್ಲಿ ಒಡೆದು ಸೈನೈಡ್ ವಿಷವಾಗುತ್ತದೆ. ನೀರಿಲ್ಲದೆ ಮುರುಟಿದ ಪೈರಿನಲ್ಲಿ, ಮಳೆಯಾದ ಮೇಲೆ ಬಂದ ಹೊಸ ಚಿಗುರಿನಲ್ಲಿ ಇದು ಅತಿ ಹೆಚ್ಚು. ದನ ತೂರಾಡಿ, ಏದುಸಿರು ಬಿಟ್ಟು, ಕೆಲವೇ ನಿಮಿಷಗಳಲ್ಲಿ ಬೀಳಬಹುದು. ಇದಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ, ಆದರೆ ವೈದ್ಯರು ಬರುವವರೆಗೆ ದನ ಉಳಿದಿರಬೇಕು. ಹೂ ಬಿಟ್ಟ ಜೋಳದಲ್ಲಿ, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಅಪಾಯ ಬಹಳ ಕಡಿಮೆ.

● ಬರದಲ್ಲಿ ಮುರುಟಿದ ಮೆಕ್ಕೆಜೋಳಕ್ಕೆ ಇನ್ನೊಂದು ದೋಷ: ಹಾಕಿದ ಯೂರಿಯಾ ಬಳಕೆಯಾಗದೆ ದಂಟಿನ ಬುಡದಲ್ಲಿ ನೈಟ್ರೇಟ್ ಆಗಿ ಕೂರುತ್ತದೆ. ಅದನ್ನು ಹೆಚ್ಚು ತಿಂದ ದನದ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಬದುಕಿದರೂ ಕಂದು ಹಾಕುವ ಭಯವಿದೆ.

● ಅದೇ ಮೆಕ್ಕೆಜೋಳವನ್ನು ಕಾಳು ಹಾಲುತುಂಬಿ ಗಟ್ಟಿಯಾಗುವ ಹಂತದಲ್ಲಿ ಕತ್ತರಿಸಿ, ಗಾಳಿಯಾಡದಂತೆ ತುಳಿದು ತುಂಬಿ, ಸುಮಾರು 45 ದಿನ ಮುಚ್ಚಿಟ್ಟರೆ ರಸಮೇವು ಸಿದ್ಧ. ಹುದುಗುವಾಗ ನೈಟ್ರೇಟ್ ಕೂಡ ಗಣನೀಯವಾಗಿ ಇಳಿಯುತ್ತದೆ. ಬೂಷ್ಟು ಹಿಡಿದ ಪದರವನ್ನು ಮಾತ್ರ ಗಬ್ಬದ ದನಕ್ಕೆ ಹಾಕಬಾರದು.

● ಬಳ್ಳಾರಿ ಜಾಲಿ ಹೆಸರಿನಲ್ಲಷ್ಟೇ ಬಳ್ಳಾರಿಯದು. ಅದರ ತವರು ಅಮೆರಿಕ ಖಂಡ. ಬೇಸಿಗೆಯಲ್ಲಿ ಉದುರುವ ಅದರ ಹಳದಿ ಕಾಯಿ ಸಿಹಿ, ಪೌಷ್ಟಿಕ. ಸ್ವಲ್ಪ ತಿಂದರೆ ಲಾಭ. ಆದರೆ ವಾರಗಟ್ಟಲೆ ಬರೀ ಕಾಯಿಯನ್ನೇ ತಿಂದ ದನಕ್ಕೆ ದವಡೆಯ ನರಗಳು ಸೋಲುತ್ತವೆ: ಬಾಯಿ ಒಂದು ಕಡೆ ವಾಲುತ್ತದೆ, ಮೇವು ಅಗಿಯಲಾಗದೆ ದನ ಎಲುಬಿನ ಗೂಡಾಗುತ್ತದೆ. ಅಗಿಯದೆ ನುಂಗಿದ ಬೀಜ ಸಗಣಿಯೊಂದಿಗೆ ಹೊಲ ಸೇರಿ ಮೊಳೆಯುತ್ತದೆ ಎಂಬುದು ರೈತನಿಗೆ ಬೇರೆ ತಲೆನೋವು.

● ಬರೀ ಒಣಮೇವಿನಲ್ಲಿ ‘ಎ’ ಜೀವಸತ್ವ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಾಯಿ ತನ್ನ ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಹುಟ್ಟುವ ಕರು ಬಲಹೀನ, ಕೆಲವೊಮ್ಮೆ ಕುರುಡು. ದಿನಕ್ಕೆ ಎರಡು ಮೂರು ಕಿಲೋ ಹಸಿ ಸೊಪ್ಪು ಸಾಕು. ಬಾವಿ ಬದುವಿನ ನುಗ್ಗೆ, ಚೊಗಚೆ ಇದಕ್ಕೆಂದೇ ಬೆಳೆಸಬಹುದಾದ ಗಿಡಗಳು. ಸುಬಾಬುಲ್ ಮಾತ್ರ ಮಿತಿಯಲ್ಲಿರಲಿ. ಅತಿಯಾದರೆ ಕೂದಲು ಉದುರುತ್ತದೆ, ಕರುವಿಗೂ ತೊಂದರೆ.

● ದನ ಎಲುಬು ಕಡಿಯುವುದು, ಮಣ್ಣು ನೆಕ್ಕುವುದು, ಚಪ್ಪಲಿ ಅಗಿಯುವುದು ಹುಚ್ಚಲ್ಲ. ಹೆಚ್ಚಾಗಿ ರಂಜಕದ ಕೊರತೆ. ಒಣಗಿದ ಹುಲ್ಲಿನಲ್ಲಿ ರಂಜಕ ತೀರ ಕಡಿಮೆ. ಕೊರತೆ ಮುಂದುವರಿದರೆ ಈಯ್ದ ಎಮ್ಮೆಯ ಮೂತ್ರ ಕೆಂಪಗಾಗುವ ರೋಗ ಬರುತ್ತದೆ. ಮಂದೆ ಮೇಯುವ ದಾರಿಯಲ್ಲಿ ಬಿದ್ದ ಎಲುಬುಗಳನ್ನು ಹೂಳಬೇಕು. ಕೊಳೆತ ಎಲುಬಿನಲ್ಲಿ ನರ ಸೋಲಿಸುವ ವಿಷ ಹುಟ್ಟುತ್ತದೆ.

● ರಂಜಕದ ಕೊರತೆಗೆ ಮದ್ದು ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ 30 ಗ್ರಾಂ ಉಪ್ಪು. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೌಷ್ಟಿಕತೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವು ಪರೀಕ್ಷಿಸಿ ಅಲ್ಲಿಗೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿದೆ.

● ಕೊನೆಯ ಎರಡು ತಿಂಗಳು ದಿನದ ಹಿಂಡಿ, ಬೂಸಾದ ಮೇಲೆ ಇನ್ನೊಂದು ಒಂದೂವರೆ ಕಿಲೋ ಹೆಚ್ಚಿಗೆ ಕೊಡಬೇಕು. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಬೇಡವೇ ಬೇಡ. ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿನಲ್ಲೂ ಇಳಿಯುತ್ತದೆ.

● ಮೇವಿನ ಜೊತೆ ನುಂಗಿದ ತಂತಿ, ಮೊಳೆ ಹೊಟ್ಟೆಯ ಮುಂದಿನ ಚೀಲದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರಬಹುದು. ಗಬ್ಬ ಬೆಳೆದು ಹಿಂದಿನಿಂದ ಒತ್ತಿದಾಗ ಅದು ಮುಂದಕ್ಕೆ ಜರುಗಿ ಹೃದಯದ ಪೊರೆಗೇ ಚುಚ್ಚುತ್ತದೆ. ತುಂಬುಗಬ್ಬದ ದನ ಮೊಣಕೈ ಅಗಲಿಸಿ ನಿಂತು, ಇಳಿಜಾರಿನಲ್ಲಿ ಇಳಿಯಲು ಹೆದರಿ ನರಳಿದರೆ ಇದನ್ನು ಅನುಮಾನಿಸಬೇಕು. ಮೈಲಾರ, ಕುರುವತ್ತಿ, ಕೊಟ್ಟೂರು ಜಾತ್ರೆ ಮುಗಿದ ಬಯಲಿಗೆ ದನ ಬಿಡುವ ಮುಂಚೆ ತಂತಿ, ಮೊಳೆ ಬಿದ್ದಿವೆಯೇ ಎಂದು ಒಮ್ಮೆ ನೆಲ ನೋಡಿ.

ರೋಗದ ಬಾಗಿಲು

● ಆರೇಳು ತಿಂಗಳಿಗೆ ದನ ಕಂದು ಹಾಕಿತೆಂದರೆ ‘ಕಣ್ಣು ಬಿತ್ತು’ ಎಂದು ಸುಮ್ಮನಾಗಬೇಡಿ. ಬ್ರುಸೆಲ್ಲಾ ಎಂಬ ಸೂಕ್ಷ್ಮಾಣು ಕಾರಣವಿರಬಹುದು. ಇದು ಮನುಷ್ಯರಿಗೂ ಅಂಟುತ್ತದೆ; ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅದರ ಗುರುತು. ಬಿದ್ದ ಕಂದು, ಕಸವನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳಕ್ಕೆ ಹೂಳಿ. ಹಾಲು ಕಾಯಿಸದೆ ಕುಡಿಯಬೇಡಿ.

● ಬ್ರುಸೆಲ್ಲಾ ಲಸಿಕೆ ಹೆಣ್ಣುಗರುಗಳಿಗೆ ಮಾತ್ರ, 4ರಿಂದ 8 ತಿಂಗಳ ವಯಸ್ಸಿನಲ್ಲಿ, ಒಮ್ಮೆ. ಗಬ್ಬದ ದನಕ್ಕೆ ಕೊಡುವಂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ, ಕಾಲುಬಾಯಿ ಜ್ವರದ ಲಸಿಕೆಯೂ ಉಚಿತ.

● ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ಲಸಿಕೆ ಹಾಕುವವರು ಬಂದಾಗ ಯಾವ ದನಕ್ಕೆ ಎಷ್ಟು ತಿಂಗಳು ಎಂದು ಮೊದಲೇ ಹೇಳಿ. ದಿನ ತುಂಬಿದ ದನವನ್ನು ಹಗ್ಗ ಹಾಕಿ ಕೆಡವಿ ಎಳೆದಾಡುವುದೇ ಲಸಿಕೆಗಿಂತ ದೊಡ್ಡ ಅಪಾಯ.

● ಜಂತುಹುಳುವಿನ ಔಷಧವೆಲ್ಲ ಗಬ್ಬದ ದನಕ್ಕೆ ಹೊಂದುವುದಿಲ್ಲ. ಎಲ್ಲೆಡೆ ಸಿಗುವ ಅಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಕೆಡುಕು. ಮೆಡಿಕಲ್ ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಿ.

● ಒಂದು ಹೆಣ್ಣು ಉಣ್ಣೆ ಇಡುವುದು ಸಾವಿರಾರು ಮೊಟ್ಟೆ. ಅದೂ ದನದ ಮೈಮೇಲಲ್ಲ, ನೆಲದಲ್ಲಿ, ಗೋಡೆಯ ಸಂದಿಯಲ್ಲಿ. ಮೈಗೆ ಮಾತ್ರ ಔಷಧ ಹಚ್ಚಿದರೆ ಉಣ್ಣೆ ಮತ್ತೆ ಏರುತ್ತದೆ. ಕಲ್ಲುಗೋಡೆಯ ಸಂದುಗಳನ್ನು ಮುಚ್ಚಿ ಸುಣ್ಣ ಬಳಿಯಿರಿ. ಮಿಶ್ರತಳಿ ಹಸು ಈಯುವ ಆಸುಪಾಸಿನಲ್ಲಿ ಉಣ್ಣೆ ಜ್ವರಕ್ಕೆ ಸುಲಭದ ತುತ್ತು.

ಈಯುವ ಹೊತ್ತು

● ಮೊದಲು ಕಾಣುವ ಗೊರಸು ನೋಡಿ. ಎರಡು ಗೊರಸಿನ ಅಡಿಭಾಗ ನೆಲದ ಕಡೆಗಿದ್ದು, ಮೇಲೆ ಮೂಗು ಕಂಡರೆ ಕರು ಸರಿಯಾಗಿ ಬರುತ್ತಿದೆ. ಅಡಿಭಾಗ ಆಕಾಶ ನೋಡುತ್ತಿದ್ದರೆ ಬಹುಶಃ ಹಿಂಗಾಲು. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಮುಂದುವರಿಯದಿದ್ದರೆ ನಾಲ್ಕು ಜನ ಹಗ್ಗ ಕಟ್ಟಿ ಎಳೆಯುವ ಸಾಹಸ ಬೇಡ.

● ಕಸ ಬೀಳುವವರೆಗೆ ಕರುವಿಗೆ ಗಿಣ್ಣ ಕುಡಿಸಬಾರದು ಎಂಬ ಮಾತು ತಪ್ಪು. ಆಕಳ ಗರ್ಭದಲ್ಲಿ ರೋಗನಿರೋಧಕ ಶಕ್ತಿ ತಾಯಿಯಿಂದ ಕರುವಿಗೆ ದಾಟುವುದೇ ಇಲ್ಲ. ಅದು ಬರುವುದು ಗಿಣ್ಣದಿಂದ ಮಾತ್ರ. ಕರುಳು ಅದನ್ನು ಹೀರುವ ಶಕ್ತಿ ಗಂಟೆಗಂಟೆಗೆ ಕುಗ್ಗಿ ಒಂದು ದಿನದೊಳಗೆ ನಿಂತುಹೋಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲೇ ಕುಡಿಸಿ; 20 ಕಿಲೋ ಕರುವಿಗೆ ಮೊದಲ ದಿನ ಕನಿಷ್ಠ 2 ಲೀಟರ್. ಕರು ಚೀಪಿದರೆ ಕಸ ಬೀಳಲೂ ನೆರವಾಗುತ್ತದೆ.

● ಕಸ ಸಾಮಾನ್ಯವಾಗಿ 8ರಿಂದ 12 ಗಂಟೆಯೊಳಗೆ ಬೀಳುತ್ತದೆ. ಜೋತುಬಿದ್ದ ಕಸಕ್ಕೆ ಕಲ್ಲು, ಚಪ್ಪಲಿ ಕಟ್ಟಿ ಎಳೆದರೆ ಗರ್ಭಚೀಲವೇ ಹೊರಗೆ ಜಾರಬಹುದು.

● ಹಾಲು ಜ್ವರದಲ್ಲಿ ಜ್ವರವೇ ಇರುವುದಿಲ್ಲ! ಕಿವಿ ತಣ್ಣಗಾಗಿ, ದನ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ರಕ್ತದ ಕ್ಯಾಲ್ಸಿಯಂ ಥಟ್ಟನೆ ಕುಸಿದಿರುತ್ತದೆ. ಈಯುವ ಮುಂಚಿನ ಎರಡು ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಅತಿಯಾಗಿ ಕುಡಿಸಿದರೂ ಇದು ಬರುತ್ತದೆ. ಹೊರಗಿನಿಂದ ಧಾರಾಳ ಸಿಕ್ಕಾಗ ದೇಹ ತನ್ನ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸ ಬಿಟ್ಟಿರುತ್ತದೆ. ಟಾನಿಕ್ ಈಯ್ದ ಮೇಲೆ ಕೊಡಿ.

ಮೇಲಿನ ಪಟ್ಟಿಯಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ನೆರಳು, ನೀರು, ಒಂದು ಹಿಡಿ ಖನಿಜ, ಎರಡು ಕಿಲೋ ಹಸಿ ಸೊಪ್ಪು: ಇಷ್ಟು ಕೊಟ್ಟರೆ ಗಬ್ಬದ ದನ ಬೇಸಿಗೆ ದಾಟುತ್ತದೆ. ದಾಟುವುದು ಕಷ್ಟ ಎನಿಸಿದರೆ ಪಶು ಸಂಜೀವಿನಿ ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ. ಸಂಖ್ಯೆಯನ್ನು ಈಗಲೇ ಕೊಟ್ಟಿಗೆಯ ಗೋಡೆಯ ಮೇಲೆ ಮಕ್ಕಳಿಗೂ ಕಾಣುವಂತೆ ದೊಡ್ಡದಾಗಿ ಬರೆದಿಡಿ.